ಗುದ್ದು ಮತ್ತು ಉಜ್ಜು

ವಾರಕ್ಕೆ ಮೂರು ಸಂಜೆಯಂತೆ ಎರಡು ವರ್ಷ ನಾನು ಟೇಬಲ್ ಟೆನಿಸ್‌ನಲ್ಲಿ ರಾಯರಿಗೆ ಸೋತಿದ್ದೇನೆ. ಲೆಕ್ಕ ಇಟ್ಟಿಲ್ಲ, ಇಡುವ ಧೈರ್ಯವೂ ಇರಲಿಲ್ಲ. ರಾಯರಿಗೆ ಅರವತ್ತೆಂಟು. ಬ್ಯಾಂಕಿನಲ್ಲಿದ್ದಾಗ ಅಲ್ಲಿನ ಟಿ.ಟಿ. ತಂಡಕ್ಕೆ ಆಡಿದವರು. ಈಗ ಎರಡೂ ಮಂಡಿಗೆ ಕ್ಯಾಪು. ಟೇಬಲ್ಲಿನ ಎಡಮೂಲೆಯಲ್ಲಿ ನಿಂತರೆಂದರೆ ಅತ್ತಿತ್ತ ಒಂದು ಹೆಜ್ಜೆಗಿಂತ ಹೆಚ್ಚು ಸರಿಯುವುದಿಲ್ಲ. ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದ ನಾನು ಅಂಗಿ ಒದ್ದೆಯಾಗುವ ಹಾಗೆ ಬಾರಿಸುತ್ತಿದ್ದೆ. ಚೆಂಡು ಅವರ ಬ್ಯಾಟಿಗೆ ತಾಗಿ, ತೂಕಡಿಸಿಕೊಂಡು ವಾಪಸ್ ಬರುತ್ತಿತ್ತು. ಇನ್ನೂ ಜೋರಾಗಿ ಬಾರಿಸಿದರೆ ಒಂದೋ ನೆಟ್ಟಿಗೆ, ಇಲ್ಲವೋ ಟೇಬಲ್ ದಾಟಿ ಗೋಡೆಗೆ.

“ನಾನೇನೂ ಮಾಡ್ತಿಲ್ಲ ಸ್ವಾಮಿ,” ಅಂತಿದ್ದರು ರಾಯರು. “ನಿಮ್ಮ ಡೆಪಾಸಿಟ್ಟನ್ನೇ ನಿಮಗೆ ವಾಪಸ್ ಕೊಡ್ತಿದೀನಿ. ಬಡ್ಡಿ ಕೂಡ ಸೇರಿಸಿಲ್ಲ.”

ಅವರ ಬ್ಯಾಟಿನ ಒಂದು ಬದಿಗೆ ಲಾಂಗ್ ಪಿಂಪಲ್ ರಬ್ಬರ್ ಇದೆ. ಉದ್ದುದ್ದ ಮೊಳಕೆಗಳ ಹಾಗಿರುವ ಅದರ ಕಡ್ಡಿಗಳು ಚೆಂಡು ತಾಗಿದ ಕೂಡಲೇ ಬಾಗುತ್ತವೆ; ಹಿಡಿತ ಸಿಗುವುದಿಲ್ಲ. ಹಾಗಾಗಿ ಚೆಂಡು ಯಾವ ಕಡೆಗೆ ಸುತ್ತುತ್ತಾ ಹೋಗಿತ್ತೋ ಹೆಚ್ಚುಕಡಿಮೆ ಅದೇ ಕಡೆಗೆ ಸುತ್ತುತ್ತಲೇ ಹಿಂದಿರುಗುತ್ತದೆ. ನಾನು ಕೊಟ್ಟ ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ಉರುಳುವ ಸುತ್ತು, ನನ್ನ ಕಡೆ ಬರುವಾಗ ಬ್ಯಾಕ್‌ಸ್ಪಿನ್, ಅಂದರೆ ಹಿಂದಕ್ಕೆ ಉರುಳುವ ಸುತ್ತು ಆಗಿರುತ್ತದೆ. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಸೋಲಿಗೆ ನನಗೆ ಕಂಡ ಕಾರಣ ಒಂದೇ: ಬಲ ಸಾಲುತ್ತಿಲ್ಲ.

ನಾನು ಆಟ ಕಲಿತದ್ದು ದಾವಣಗೆರೆಯಲ್ಲಿ ಓದುವಾಗ, ಹಾಸ್ಟೆಲಿನಲ್ಲಿ. ನೆಟ್ ಹರಿದ ಮೇಲೆ ದಪ್ಪ ದಪ್ಪ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಆಡುತ್ತಿದ್ದೆವು. ಬ್ಯಾಟಿನ ರಬ್ಬರ್ ಸೈಕಲ್ ಟ್ಯೂಬಿನಷ್ಟೂ ಹಿಡಿಯುತ್ತಿರಲಿಲ್ಲ. ಅಂಥ ಬ್ಯಾಟಿನಲ್ಲಿ ಸ್ಪಿನ್ ಎಲ್ಲಿಂದ ಬರಬೇಕು? ಎತ್ತರದ ಚೆಂಡು ಬಂದರೆ ಸ್ಮ್ಯಾಶ್, ಬರದಿದ್ದರೂ ಸ್ಮ್ಯಾಶ್. ಇಪ್ಪತ್ತು ವರ್ಷ ಬಿಟ್ಟು ಬೆಂಗಳೂರಿನಲ್ಲಿ ಮತ್ತೆ ಬ್ಯಾಟ್ ಹಿಡಿದಾಗ ಕೈಗೆ ನೆನಪಿದ್ದದ್ದು ಅದೊಂದೇ.

ಸೋತು ಸೋತು, ಒಂದು ಭಾನುವಾರ ಕಾಗದ ಪೆನ್ಸಿಲ್ ಹಿಡಿದು ಕೂತೆ. ಟೇಬಲ್ ಉದ್ದ 2.74 ಮೀಟರ್, ನಡುವೆ 15.25 ಸೆಂಟಿಮೀಟರ್ ಎತ್ತರದ ನೆಟ್. ನನ್ನ ಕಡೆಯ ಅಂಚಿನ ಮೇಲೆ ನಿಂತ ಚೆಂಡನ್ನು ಸರಳರೇಖೆಯಲ್ಲಿ ಹೊಡೆದರೆ, ಅದು ನೆಟ್ಟನ್ನು ಸೋಕದೆ ದಾಟಿ ಎದುರಿನ ಕಟ್ಟಕಡೆಯ ಅಂಚಿಗೆ ಬೀಳಬೇಕೆಂದರೂ ಚೆಂಡು ನೆಟ್ಟಿನ ಎರಡರಷ್ಟು ಎತ್ತರದಲ್ಲಿ, ಅಂದರೆ ಟೇಬಲ್ಲಿನಿಂದ ಸುಮಾರು 30 ಸೆಂಟಿಮೀಟರ್ ಮೇಲೆ ಸಿಗಬೇಕು. ಅಷ್ಟು ಎತ್ತರದ ಚೆಂಡನ್ನು ರಾಯರು ಯಾಕೆ ಕೊಟ್ಟಾರು? ಉಳಿದ ಚೆಂಡುಗಳೆಲ್ಲ ಒಂಚೂರು ಮೇಲಕ್ಕೆ ಹೋಗಿ ಕೆಳಕ್ಕೆ ಬಾಗಲೇಬೇಕು. ಬಾಗಿಸುವುದು ಭೂಮಿಯ ಸೆಳೆತ. ಗಾಳಿಯ ಲೆಕ್ಕ ಬಿಟ್ಟರೆ, ಸೆಕೆಂಡಿಗೆ 10 ಮೀಟರ್ ವೇಗದ ಚೆಂಡನ್ನು ಟೇಬಲ್ಲಿನ ಉದ್ದ ದಾಟುವುದರೊಳಗೆ ಅದು ಸುಮಾರು 37 ಸೆಂಟಿಮೀಟರ್ ಕೆಳಗೆ ಎಳೆಯುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ? ಬರೀ 9 ಸೆಂಟಿಮೀಟರ್. ನಾನು ಬಲ ಹೆಚ್ಚಿಸಿದಷ್ಟೂ ಭೂಮಿ ನನ್ನ ಕೈಬಿಡುತ್ತಿತ್ತು. ಚೆಂಡು ಗೋಡೆಗೆ ಹೋಗುತ್ತಿದ್ದದ್ದು ನನ್ನ ದುರದೃಷ್ಟದಿಂದಲ್ಲ, ಗಣಿತದಿಂದ.

ಆ ಕೈಬಿಟ್ಟ ಎಳೆತವನ್ನು ಬೇರೆ ಎಲ್ಲಿಂದಾದರೂ ತರಬೇಕು. ಅದಕ್ಕೇ ಟಾಪ್‌ಸ್ಪಿನ್. ಮುಂದಕ್ಕೆ ಉರುಳುತ್ತಾ ಹಾರುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ, ಅದಕ್ಕೆ ಪ್ರತಿಯಾಗಿ ಗಾಳಿ ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್ ಹೆಸರಿನಲ್ಲಿ ಕರೆಯುವ ಪರಿಣಾಮ ಇದು. ಕ್ರಿಕೆಟ್ ಚೆಂಡಿಗೂ ಇದು ಆಗುತ್ತದೆ, ಆದರೆ ಅದರ ತೂಕ 150 ಗ್ರಾಮಿಗಿಂತ ಹೆಚ್ಚು. ನಮ್ಮದು 2.7 ಗ್ರಾಂ. ಗಾಳಿ ಹೇಳಿದ ಮಾತನ್ನು ಇಷ್ಟು ವಿಧೇಯವಾಗಿ ಕೇಳುವ ಚೆಂಡು ಬೇರೆ ಆಟದಲ್ಲಿ ಇದ್ದಂತಿಲ್ಲ.

ಇಷ್ಟು ತಿಳಿದ ಮೇಲೆ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಐದಾರು ಸಾವಿರ ಕೊಟ್ಟು ಜಪಾನಿನ ಟೆನರ್ಜಿ ರಬ್ಬರ್ ತಂದು ಅಂಟಿಸಿದೆ. ಸ್ಪಿನ್ನನ್ನು ಅಂಗಡಿಯಲ್ಲಿ ಕೊಂಡಂತಾಯಿತು ಅಂದುಕೊಂಡಿದ್ದೆ. ಚೆಂಡು ಈಗ ಗೋಡೆಗೆ ಇನ್ನೂ ಬೇಗ ತಲುಪತೊಡಗಿತು.

ಆಮೇಲೆ ಕೋಚಿಂಗ್ ಸೇರಿದೆ. ಕೋಚ್ ಇಪ್ಪತ್ತನಾಲ್ಕು ವರ್ಷದ ಹುಡುಗಿ. ರಾಜ್ಯ ಮಟ್ಟದಲ್ಲಿ ಆಡಿ, ಈಗ ಸಂಜೆ ಹೊತ್ತು ಮಕ್ಕಳಿಗೆ ಕಲಿಸುತ್ತಾಳೆ. ಮಕ್ಕಳ ಸಾಲಿನ ಕೊನೆಗೆ ನಾನು. ಮೊದಲ ದಿನವೇ ನನ್ನ ಬ್ಯಾಟ್ ತಿರುಗಿಸಿ ನೋಡಿ, “ಅಂಕಲ್, ಇದನ್ನ ಮನೇಲಿಡಿ” ಅಂತ ಹೇಳಿ ಒಂದು ಸಾಧಾರಣ ಬ್ಯಾಟ್ ಕೈಗಿತ್ತಳು. ಆಮೇಲೆ ಮೂರು ತಿಂಗಳು ಅವಳು ಹೇಳಿದ್ದು ಒಂದೇ ಮಾತು: “ಹೊಡೀಬೇಡಿ ಅಂಕಲ್. ಉಜ್ಜಿ.”

ಬುಟ್ಟಿ ತುಂಬ ಚೆಂಡಿಟ್ಟುಕೊಂಡು ಒಂದಾದ ಮೇಲೊಂದು ಬ್ಯಾಕ್‌ಸ್ಪಿನ್ ಚೆಂಡು ಎಸೆಯುತ್ತಾಳೆ. ಮಲ್ಟಿಬಾಲ್ ಅನ್ನುತ್ತಾರೆ ಇದಕ್ಕೆ. ಚೆಂಡು ಎದ್ದು, ಕೆಳಗಿಳಿಯತೊಡಗಿದಾಗ, ಬ್ಯಾಟನ್ನು ಮಂಡಿಯ ಹತ್ತಿರದಿಂದ ಹಣೆಯವರೆಗೆ ಎತ್ತುತ್ತಾ ಚೆಂಡಿನ ಬೆನ್ನನ್ನು ಸವರಬೇಕು. ಗಟ್ಟಿಯಾಗಿ ತಾಗಿದರೆ ಟಕ್ ಅನ್ನುತ್ತದೆ, ಅವಳು ತಲೆಯಾಡಿಸುತ್ತಾಳೆ. ಸರಿಯಾಗಿ ಉಜ್ಜಿದರೆ ಸದ್ದೇ ಇಲ್ಲ. ಮೊದಲ ವಾರ ಅರ್ಧಕ್ಕರ್ಧ ಚೆಂಡುಗಳನ್ನು ನಾನು ಮುಟ್ಟಲೇ ಇಲ್ಲ. ಪಕ್ಕದ ಟೇಬಲ್ಲಿನ ಮಕ್ಕಳು ನಕ್ಕಿದ್ದು ನ್ಯಾಯವೇ.

ಮೂರು ತಿಂಗಳ ಕೊನೆಗೆ ನನಗೊಂದು ಲೂಪ್ ಬಂತು; ಹೀಗೆ ಉಜ್ಜಿ ಕೊಡುವ ಟಾಪ್‌ಸ್ಪಿನ್ ಹೊಡೆತಕ್ಕೆ ಆ ಹೆಸರು. ನಿಧಾನದ್ದು, ಎತ್ತರಕ್ಕೆ ಹೋಗಿ ಬಾಗಿ, ಟೇಬಲ್ಲಿಗೆ ಬಿದ್ದ ಕೂಡಲೇ ಮುಂದಕ್ಕೆ ಜಿಗಿಯುವ ಲೂಪ್. ಸ್ಪಿನ್ ಗೊತ್ತಿಲ್ಲದವರು ಅದಕ್ಕೆ ಬ್ಯಾಟ್ ಒಡ್ಡಿದರೆ ಚೆಂಡು ಚಾವಣಿಗೆ ಹಾರುತ್ತಿತ್ತು. ಎರಡು ವಾರ ನಾನು ಬಹಳ ಸಂತೋಷದಲ್ಲಿದ್ದೆ. ಆಮೇಲೆ ಆರನೆಯ ಕ್ಲಾಸಿನ ಒಬ್ಬ ಹುಡುಗ ನನ್ನೆದುರು ನಿಂತ. ನನ್ನ ಲೂಪ್ ಟೇಬಲ್ಲಿಗೆ ಬಿದ್ದು ಏಳುವುದರೊಳಗೆ ಬ್ಯಾಟಿನ ಮುಖವನ್ನು ಕೆಳಕ್ಕೆ ಬಾಗಿಸಿ ಚಟಾರನೆ ಬಾರಿಸಿದ. ಮತ್ತೆ ಮತ್ತೆ ಬಾರಿಸಿದ. 11-3. ಆ ಚೆಂಡಿನಲ್ಲಿ ಸ್ಪಿನ್ ಇತ್ತು, ಆದರೆ ಅವನಿಗೆ ಯೋಚಿಸಲು, ಕಾಲು ಸರಿಸಲು, ಬೇಕಿದ್ದರೆ ನೀರು ಕುಡಿಯಲು ಕೂಡ ಪುರುಸೊತ್ತು ಇತ್ತು.

“ಈಗ ಹೊಡೀರಿ ಅಂಕಲ್,” ಅಂದಳು ಕೋಚ್. “ಆದ್ರೆ ಉಜ್ಜೋದು ಬಿಡ್ಬೇಡಿ.”

ಈ ಒಂದು ವಾಕ್ಯ ನನ್ನ ಇಡೀ ವರ್ಷವನ್ನು ತಿಂದಿತು. ಬಲ ಒಂದು ಡಬ್ಬಿಯಲ್ಲಿದೆ, ಸ್ಪಿನ್ ಇನ್ನೊಂದು ಡಬ್ಬಿಯಲ್ಲಿದೆ, ಇದರಿಂದ ಇಷ್ಟು ಅದರಿಂದ ಅಷ್ಟು ತೆಗೆದು ಬೆರೆಸಬೇಕು ಅಂತ ನನ್ನ ಕಲ್ಪನೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಅಷ್ಟೇ ಕಡಿಮೆಯಾಗಬೇಕಲ್ಲ? ಮತ್ತೆ ಪೆನ್ಸಿಲ್ ಹಿಡಿದಾಗ ಗೊತ್ತಾದದ್ದು ಬೇರೆ. ಬ್ಯಾಟ್ ಚಲಿಸುವ ದಿಕ್ಕು ಬ್ಯಾಟಿನ ಮುಖಕ್ಕೆ ನೇರವಾಗಿದ್ದರೆ ಎಲ್ಲವೂ ಗುದ್ದು. ಮುಖದ ಉದ್ದಕ್ಕೇ ಸರಿದರೆ ಎಲ್ಲವೂ ಉಜ್ಜು. ಸರಿಯಾಗಿ ನಡುವೆ, 45 ಡಿಗ್ರಿಯಲ್ಲಿ ಬೀಸಿದರೆ ಐವತ್ತು ಐವತ್ತು ಸಿಗುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಬ್ಯಾಟಿನ ವೇಗದ ಶೇ. 70ರಷ್ಟು ಗುದ್ದಿಗೂ ಶೇ. 70ರಷ್ಟು ಉಜ್ಜಿಗೂ ಸಿಗುತ್ತದೆ. ಪಿಯುಸಿಯಲ್ಲಿ ಸೈನ್, ಕೊಸೈನ್ ಬಾಯಿಪಾಠ ಮಾಡಿದ್ದೆ. ಅದರಿಂದ ಲಾಭ ಅಂತ ಮೊದಲ ಸಲ ಅನ್ನಿಸಿದ್ದು ನಲವತ್ತೆರಡರಲ್ಲಿ.

ಇನ್ನೊಂದು ಸಂಗತಿ ಕೈಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ತೀರಾ ನವಿರಾಗಿ ಸವರಿದರೆ ಚೆಂಡು ರಬ್ಬರಿನ ಮೇಲೆ ಜಾರಿಹೋಗುತ್ತದೆ. ಒತ್ತಿದಾಗ ಮಾತ್ರ ಅದು ರಬ್ಬರಿನ ಅಡಿಯಲ್ಲಿರುವ ಸ್ಪಾಂಜಿನೊಳಕ್ಕೆ ಇಳಿಯುತ್ತದೆ, ರಬ್ಬರ್ ಅದನ್ನು ಹಿಡಿಯುತ್ತದೆ, ಹಿಡಿದದ್ದನ್ನು ತಿರುಗಿಸಬಹುದು. ಅಂದರೆ ಸ್ಪಿನ್ನಿಗೆ ಗುದ್ದು ಬೇಕು. ಗುದ್ದಿದ ಚೆಂಡು ಟೇಬಲ್ಲಿನ ಮೇಲೆ ಬೀಳಬೇಕಾದರೆ ಸ್ಪಿನ್ ಬೇಕು. ಒಂದನ್ನು ಬಿಟ್ಟು ಒಂದಿಲ್ಲ. 40 ಮಿಲಿಮೀಟರ್ ವ್ಯಾಸದ ಚೆಂಡನ್ನು ಸೆಕೆಂಡಿಗೆ ನೂರು ಸುತ್ತು ತಿರುಗಿಸುವುದೆಂದರೆ ಅದರ ಮೈ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದರ್ಥ. ದೊಡ್ಡ ಆಟಗಾರರು ನೂರು ಸುತ್ತನ್ನೂ ದಾಟುತ್ತಾರೆ. ಮೆಲ್ಲಗೆ ಉಜ್ಜಿ ಅದನ್ನು ತರಲು ಸಾಧ್ಯವೇ ಇಲ್ಲ.

ಬುಗುರಿ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಾಟಿಯನ್ನು ಬಿಗಿಯಾಗಿ ಸುತ್ತಿ, ತೋಳು ಬೀಸಿ ನೆಲಕ್ಕೆ ಹೊಡೆದು, ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಸೆಳೆಯಬೇಕು. ಬರೀ ಹೊಡೆದರೆ ಬುಗುರಿ ದೊಪ್ಪನೆ ಬಿದ್ದು ಉರುಳುತ್ತದೆ. ಬರೀ ಸೆಳೆದರೆ ತಿರುಗುತ್ತದೆ ನಿಜ, ಆದರೆ ಇನ್ನೊಬ್ಬನ ಬುಗುರಿಗೆ ಗುನ್ನ ಹಾಕುವ ತಾಕತ್ತು ಅದಕ್ಕಿರುವುದಿಲ್ಲ. ಹೊಡೆತ ಎಲ್ಲಿ ಮುಗಿಯಿತು, ಸೆಳೆತ ಎಲ್ಲಿ ಶುರುವಾಯಿತು ಅಂತ ಎಂಟು ವರ್ಷದ ಹುಡುಗನನ್ನು ಕೇಳಿ ನೋಡಿ. ನಿಮ್ಮನ್ನೇ ಪೆದ್ದನ ಹಾಗೆ ನೋಡುತ್ತಾನೆ.

ಚೀನಾದ ಕೋಚ್‌ಗಳು ಇದನ್ನು ‘ಮೊದಲು ಗುದ್ದು, ಆಮೇಲೆ ಉಜ್ಜು’ ಅನ್ನುವ ಅರ್ಥದ ಮಾತಿನಲ್ಲಿ ಕಲಿಸುತ್ತಾರೆ. ನನ್ನ ಕೋಚ್ ಕೂಡ ಹಾಗೇ ಹೇಳಿದಳು. ಚೆಂಡು ಬ್ಯಾಟಿನ ಮೇಲೆ ಇರುವುದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಮೊದಲು ಯಾವುದು, ಆಮೇಲೆ ಯಾವುದು? ಕಣ್ಣಿನಿಂದ ಮಿದುಳಿಗೆ ಸುದ್ದಿ ಹೋಗುವುದರೊಳಗೆ ಚೆಂಡು ನೆಟ್ ದಾಟಿರುತ್ತದೆ. ಹಾಗಾಗಿ ಆ ಮಾತು ಭೌತಶಾಸ್ತ್ರದ ಲೆಕ್ಕದಲ್ಲಿ ಸುಳ್ಳು. ಆದರೆ ನನ್ನ ತೋಳಿಗೆ ಅದು ನಿಜವಾಗಿ ಕೆಲಸ ಮಾಡಿತು. ಹಾಗೆ ಅಂದುಕೊಂಡು ಬೀಸಿದಾಗ ಬ್ಯಾಟ್ ಚೆಂಡಿನ ಹಿಂದಿನಿಂದ ಹೋಗಿ, ಮುಂದಕ್ಕೂ ಮೇಲಕ್ಕೂ ಒಟ್ಟಿಗೆ ಸಾಗುತ್ತದೆ. ಸದ್ದೂ ಬದಲಾಗುತ್ತದೆ. ಟಕ್ ಅಲ್ಲ, ಮೌನವೂ ಅಲ್ಲ, ಸ್ಪಾಂಜಿನ ಆಚೆಗಿನ ಮರಕ್ಕೆ ಚೆಂಡು ಮುಟ್ಟಿ ಬಂದ ಹಾಗೆ ಒಂದು ಥಪ್.

ಆ ಥಪ್ ಕೈಯಿಂದ ಬರುವುದಿಲ್ಲ ಅನ್ನುವುದು ಇನ್ನೊಂದು ಪಾಠ. ತೋಳಿನ ಬಲದಲ್ಲೇ ವೇಗ ತರಲು ಹೋಗಿ ನಾನು ಭುಜ ನೋಯಿಸಿಕೊಂಡು ಎರಡು ವಾರ ಮನೆಯಲ್ಲಿ ಕೂತಿದ್ದೆ. ಬಲ ಶುರುವಾಗುವುದು ಬಲಗಾಲಿನ ಪಾದದಲ್ಲಿ. ನೆಲವನ್ನು ಒತ್ತಿದ್ದು ಸೊಂಟವನ್ನು ತಿರುಗಿಸುತ್ತದೆ, ಸೊಂಟ ಭುಜವನ್ನು, ಭುಜ ಮುಂಗೈಯನ್ನು. ಬ್ಯಾಟನ್ನು ಗಟ್ಟಿಯಾಗಿ ಹಿಡಿದರೆ ಈ ಸರಪಳಿ ಮಣಿಕಟ್ಟಿನಲ್ಲೇ ತುಂಡಾಗುತ್ತದೆ. ಹಕ್ಕಿಮರಿಯನ್ನು ಹಿಡಿದ ಹಾಗೆ ಸಡಿಲವಾಗಿ ಹಿಡಿದು, ಚೆಂಡು ತಾಗುವ ಹೊತ್ತಿಗೆ ಮಾತ್ರ ಬಿಗಿಯಬೇಕು. ನನಗೆ ಬಿಗಿಯುವುದು ಚೆನ್ನಾಗಿ ಬರುತ್ತದೆ. ಸಡಿಲ ಬಿಡುವುದು ಇವತ್ತಿಗೂ ಬಂದಿಲ್ಲ. ಹೆಂಡತಿಯ ಪ್ರಕಾರ ಇದು ಟಿ.ಟಿ.ಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಚೀನಾದ ಮಾ ಲಾಂಗ್ ಆಟವನ್ನು ನಿಧಾನ ಮಾಡಿಕೊಂಡು ನೋಡುತ್ತೇನೆ. 2016ರ ರಿಯೊ, ಆಮೇಲೆ ಟೋಕಿಯೊ, ಎರಡೂ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದವನು. ಫೋರ್‌ಹ್ಯಾಂಡಿಗೆ ಹರಿಕೇನ್ ಅನ್ನುವ ಚೀನೀ ರಬ್ಬರ್. ಮೇಲ್ಮೈ ಅಂಟಂಟು, ಕೆಳಗಿನ ಸ್ಪಾಂಜ್ ಗಡಸು. ಅಂಟು ಇರುವುದರಿಂದ ಸ್ಪಿನ್ ಸುಲಭ, ಆದರೆ ಗಡಸು ಸ್ಪಾಂಜ್ ತಾನಾಗಿ ವೇಗ ಕೊಡುವುದಿಲ್ಲ. ವೇಗವನ್ನು ಕಾಲು, ಸೊಂಟ ಕೊಡಬೇಕು. ಟೆನರ್ಜಿಯಂಥ ರಬ್ಬರಿನಲ್ಲಿ ಸ್ಪಾಂಜೇ ಅರ್ಧ ಕೆಲಸ ಮಾಡುತ್ತದೆ. ಜರ್ಮನಿಯ ಟಿಮೊ ಬೋಲ್ ಆಟ ನೋಡಿದರೆ ಅದೇ ಲೂಪ್ ಇನ್ನೊಂದು ಹದದಲ್ಲಿ ಕಾಣುತ್ತದೆ: ಉಜ್ಜು ಹೆಚ್ಚು, ಗುದ್ದು ಹಿತಮಿತ. ಉಪ್ಪು ಹುಳಿ ಖಾರ ಅವೇ, ಕೈ ಬೇರೆ. ನನಗೆ ಬೋಲ್ ಇಷ್ಟ, ಮಾ ಲಾಂಗ್ ಎದುರು ನಿಲ್ಲಲು ಭಯ. ಯಾರೂ ನಿಲ್ಲಿ ಅಂತ ಕರೆದಿಲ್ಲ, ಆ ಮಾತು ಬೇರೆ.

ಈ ಎರಡರ ಹದ ಕಾಲಕಾಲಕ್ಕೆ ಬದಲಾಗಿದೆ ಅಂತ ನನಗೆ ತೋರಿಸಿದ್ದು ರಾಯರ ಚೀಲ. ಅದರಲ್ಲಿ ಒಂದು ಹಳೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಸಣ್ಣಗೆ ಕರ್ಪೂರದ ವಾಸನೆ. ಒಳಗೆ 38 ಮಿಲಿಮೀಟರಿನ ಸೆಲ್ಯುಲಾಯ್ಡ್ ಚೆಂಡುಗಳು. ಸೆಲ್ಯುಲಾಯ್ಡ್ ಮಾಡಲು ನಿಜವಾಗಿಯೂ ಕರ್ಪೂರ ಬಳಸುತ್ತಾರೆ. ಬೆಂಕಿಗೂ ಅದು ಕರ್ಪೂರದಷ್ಟೇ ಹತ್ತಿರ. ಒಂದು ಸಂಜೆ ಅದರಲ್ಲಿ ಆಡಿದೆವು. ನನ್ನ ಲೂಪ್ ಹೇಗೆ ಬಾಗಿತೆಂದರೆ ನಾನೇ ಬೆರಗಾದೆ. “ನೋಡಿದ್ರಾ?” ಅಂದರು ರಾಯರು. “ನಮ್ಮ ಕಾಲದಲ್ಲಿ ಇಷ್ಟು ಸ್ಪಿನ್ ಪುಕ್ಕಟೆ ಸಿಕ್ತಿತ್ತು.”

ಪುಕ್ಕಟೆ ಸಿಗುತ್ತಿದ್ದದ್ದು ಒಂದೊಂದಾಗಿ ಹೋಯಿತು. 2000ನೇ ಇಸವಿಯಲ್ಲಿ ಚೆಂಡು 40 ಮಿಲಿಮೀಟರಿಗೆ ಹಿಗ್ಗಿತು. ದೊಡ್ಡ ಚೆಂಡು ನಿಧಾನ, ಸುತ್ತುವುದೂ ಕಡಿಮೆ. ಸ್ಪಾಂಜನ್ನು ಉಬ್ಬಿಸಿ ರಬ್ಬರಿಗೆ ಮಿಂಚಿನ ಚುರುಕು ಕೊಡುತ್ತಿದ್ದ ಸ್ಪೀಡ್ ಗ್ಲೂ ಅನ್ನುವ ಅಂಟು ಇತ್ತು. 1979ರಲ್ಲಿ ವಿಶ್ವ ತಂಡ ಪ್ರಶಸ್ತಿ ಗೆದ್ದ ಹಂಗೆರಿಯ ಕ್ಲಾಂಪಾರ್, ಯೋನಿಯರ್ ಕಾಲದಿಂದ ಯೂರೋಪಿನವರ ಅಸ್ತ್ರ ಅದು. ಅದರ ದ್ರಾವಕಗಳು ಆರೋಗ್ಯಕ್ಕೆ ಕೆಟ್ಟವೆಂದು 2008ರಲ್ಲಿ ನಿಷೇಧವಾಯಿತು. 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಚೆಂಡು ಬಂತು, ಸ್ಪಿನ್ ಮತ್ತೊಂದು ಮೆಟ್ಟಿಲು ಇಳಿಯಿತು. ಬರೀ ಸ್ಪಿನ್ನಿನಿಂದ ಪಾಯಿಂಟ್ ತೆಗೆಯುವ ಕಾಲ ಹೀಗೆ ಮುಗಿಯಿತು. ಹೋದ ಸ್ಪಿನ್ನನ್ನು ಕಾಲಿನ ಬಲದಿಂದ ವಾಪಸ್ ತರಬೇಕಾಯಿತು.

ಇದೆಲ್ಲದರ ಮೂಲ ಹುಡುಕಿದರೆ ನಮ್ಮ ದೇಶಕ್ಕೇ ಬರಬೇಕು ಅನ್ನುವುದು ರಾಯರ ಇಷ್ಟದ ಮಾತು. 1952ರಲ್ಲಿ ಬಾಂಬೆಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅಲ್ಲಿಯವರೆಗೆ ಬ್ಯಾಟೆಂದರೆ ಗಟ್ಟಿ ಪಿಂಪಲ್ ರಬ್ಬರು, ಟಕ್ ಟಕ್ ಸದ್ದು. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ತಂದ. ಚೆಂಡು ಬ್ಯಾಟಿಗೆ ತಾಗಿದ ಸದ್ದೇ ಎದುರಾಳಿಗಳಿಗೆ ಕೇಳಿಸಲಿಲ್ಲ. ಸಾಟೊ ಸಿಂಗಲ್ಸ್ ಗೆದ್ದ. 1959ರಲ್ಲಿ ಅಂತಾರಾಷ್ಟ್ರೀಯ ಫೆಡರೇಷನ್ ಬ್ಯಾಟಿಗೆ ನಿಯಮ ತಂದಿತು. ಇವತ್ತಿಗೂ ಸ್ಪಾಂಜ್, ರಬ್ಬರ್, ಅಂಟು ಸೇರಿ 4 ಮಿಲಿಮೀಟರ್ ಮೀರುವಂತಿಲ್ಲ. ಆ 4 ಮಿಲಿಮೀಟರಿನಲ್ಲೇ ಜಪಾನಿನವರು ಲೂಪ್ ಹುಟ್ಟಿಸಿದರು. ನಾನು ಕೂಡ ನನ್ನ ಸಂಜೆಗಳನ್ನು ಆ 4 ಮಿಲಿಮೀಟರಿನಲ್ಲೇ ಕಳೆಯುತ್ತಿದ್ದೇನೆ.

2024ರ ಆಗಸ್ಟಿನಲ್ಲಿ ನಮ್ಮ ಹಾಲಿನಲ್ಲಿ ಒಂದು ದಿನ ಯಾರೂ ಆಡಲಿಲ್ಲ. ಪ್ಯಾರಿಸ್‌ನಲ್ಲಿ ಮಹಿಳಾ ತಂಡದ ಕ್ವಾರ್ಟರ್ ಫೈನಲ್, ಎದುರು ಜರ್ಮನಿ. ಒಲಿಂಪಿಕ್ಸ್‌ನ ತಂಡ ಸ್ಪರ್ಧೆಗೆ ಭಾರತ ಅರ್ಹತೆ ಪಡೆದದ್ದೇ ಆ ಸಲ ಮೊದಲು. ಒಂದು ಫೋನಿನ ಸುತ್ತ ಹದಿನಾಲ್ಕು ತಲೆ. ಭಾರತ 1-3ರಿಂದ ಸೋತಿತು, ಆ ಒಂದು ಗೆಲುವು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಮೊದಲ ಗೇಮ್ 19-17ರವರೆಗೆ ಎಳೆದಾಗ ರಾಯರು ಎದ್ದು ಹೋಗಿ ಬಾಗಿಲ ಹತ್ತಿರ ನಿಂತುಬಿಟ್ಟರು, ನೋಡಲಾರೆ ಅಂತ. 18-17ರ ಮೇಲೆ ಕೂಡ ಕೈ ಹಿಂಜರಿಯದೆ ಬೀಸುವುದು ಹೇಗೆ ಅಂತ ನಾನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ನನಗೆ 8-8 ಆದರೇ ಸಾಕು, ಕೈ ತಾನಾಗಿ ಹಾಸ್ಟೆಲಿಗೆ ಹಿಂದಿರುಗುತ್ತದೆ: ಉಜ್ಜು ಮಾಯ, ಬರೀ ಗುದ್ದು, ಗೋಡೆ.

ರಾಯರ ವಿಷಯಕ್ಕೆ ಬರುತ್ತೇನೆ. ಅವರ ಪಿಂಪಲ್ಲಿಗೆ ಲೂಪ್ ಕೊಟ್ಟರೆ ಅದು ಬ್ಯಾಕ್‌ಸ್ಪಿನ್ ಆಗಿ ಬರುತ್ತದೆ ಅಂದೆನಲ್ಲ. ಅದನ್ನು ನಾನು ವರ್ಷಗಟ್ಟಲೆ ಶಾಪ ಅಂದುಕೊಂಡಿದ್ದೆ. ಆದರೆ ಆ ಚೆಂಡು ಸುತ್ತುತ್ತಿರುವ ದಿಕ್ಕನ್ನು ಬದಿಯಿಂದ ನಿಂತು ನೋಡಿ. ನಾನು ಮುಂದಿನ ಲೂಪಿನಲ್ಲಿ ಕೊಡಬೇಕಾದ ಸುತ್ತಿನ ದಿಕ್ಕೂ ಅದೇ! ಟಾಪ್‌ಸ್ಪಿನ್ ಚೆಂಡಿಗೆ ಲೂಪ್ ಮಾಡುವಾಗ ಮೊದಲು ಅದರ ಸುತ್ತನ್ನು ನಿಲ್ಲಿಸಿ, ಆಮೇಲೆ ತಿರುಗಿಸಬೇಕು. ಬ್ಯಾಕ್‌ಸ್ಪಿನ್ ಚೆಂಡನ್ನು ನಿಲ್ಲಿಸಬೇಕಾಗಿಲ್ಲ. ತಿರುಗುತ್ತಿರುವ ಬುಗುರಿಗೆ ಚಾಟಿಯಿಂದ ಇನ್ನೊಂದು ಏಟು ಕೊಟ್ಟ ಹಾಗೆ, ಇದ್ದದ್ದಕ್ಕೆ ಸೇರಿಸಿದರೆ ಸಾಕು. ಚೆಂಡು ನೆಟ್ಟಿಗೆ ಹೋಗುತ್ತದೆಂಬ ಭಯದಲ್ಲಿ ಕೈ ಕುಗ್ಗಿಸದೆ, ಕಾಲಿನಿಂದ ಪೂರ್ತಿ ಬಲ ಹಾಕಿ ಮೇಲಕ್ಕೂ ಮುಂದಕ್ಕೂ ಬೀಸಿದರೆ, ಆಟದಲ್ಲೇ ಅತಿ ಭಾರದ ಸ್ಪಿನ್ ಹುಟ್ಟುವುದು ಅಲ್ಲಿ. ಅದು ಮತ್ತೆ ಪಿಂಪಲ್ಲಿಗೆ ಹೋಗಿ, ಇನ್ನೂ ಭಾರವಾಗಿ ಬರುತ್ತದೆ. ನಾನು ಮತ್ತೆ ಸೇರಿಸುತ್ತೇನೆ.

“ಇದು ಚಕ್ರಬಡ್ಡಿ ಕಣ್ರೀ,” ಅಂದರು ರಾಯರು, ಮೂರನೆಯ ಲೂಪನ್ನು ತಡೆಯಲು ಹೋಗಿ ಚೆಂಡು ಅವರ ಎದೆಗೇ ಬಡಿದಾಗ. ಆ ಗೇಮನ್ನು ನಾನು 11-9ರಲ್ಲಿ ಗೆದ್ದೆ. ಮೊದಲ ಸಲ. ಪಂದ್ಯ ಅವರೇ ಗೆದ್ದರು, 3-1.

ಇದಾಗಿ ನಾಲ್ಕು ತಿಂಗಳು. ಈಗ ರಾಯರು ನನ್ನೆದುರು ಮೊದಲಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ, ಆ ಮಂಡಿಗಳನ್ನು ಇಟ್ಟುಕೊಂಡು. ನಾನು ಅದನ್ನು ಗಮನಿಸಿದ್ದೇನೆ ಅಂತ ಅವರಿಗೆ ಗೊತ್ತು. ಕೋಚ್‌ಗೂ ಗೊತ್ತು. ನೆಟ್ಟಿನ ಹತ್ತಿರ ಮೆತ್ತಗೆ ಒಂದು ಡ್ರಾಪ್ ಹಾಕಿದರೆ ಅವರು ಮುಟ್ಟಲಾರರು.

“ಹಾಕಿ ಅಂಕಲ್, ಯಾಕೆ ಹಾಕ್ತಿಲ್ಲ?” ಅಂತ ಮೊನ್ನೆ ಕೇಳಿದಳು.

ಹಾಕಲು ಬರುವುದಿಲ್ಲಮ್ಮ ಅಂದೆ. ಮುಂದಿನ ವಾರದಿಂದ ಅದನ್ನೇ ಹೇಳಿಕೊಡುತ್ತಾಳಂತೆ. ಅದಕ್ಕೆ ಉಜ್ಜುವುದೂ ಬೇಡ, ಹೊಡೆಯುವುದೂ ಬೇಡವಂತೆ.